ಹಳೆಯ ಮನೆಯ ಫೈರ್ ಡೋರ್: ಕಣ್ಣಿಗೆ ಕಾಣುವ ಲಕ್ಷಣದಿಂದ ದೋಷ ಹಿಡಿಯುವುದು

ಆರು ಪ್ಯಾನೆಲ್‌ನ ಜಾರ್ಜಿಯನ್ ಬಾಗಿಲು, ನಾಲ್ಕು ಪ್ಯಾನೆಲ್‌ನ ವಿಕ್ಟೋರಿಯನ್ ಬಾಗಿಲು, ಮೇಲೊಂದು ಅಡ್ಡ ಕೆಳಗೆ ಮೂರು ಉದ್ದ ಪ್ಯಾನೆಲ್ ಇರುವ 1930ರ ದಶಕದ ಬಾಗಿಲು. ಬ್ರಿಟನ್ನಿನ ಹಳೆಯ ಮನೆಗಳಲ್ಲಿ ಇವೆಲ್ಲ ಈಗ ಫೈರ್ ಡೋರ್, ಅಂದರೆ ಬೆಂಕಿಯನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸುವ ಬಾಗಿಲಿನ ರೂಪದಲ್ಲೂ ಸಿಗುತ್ತವೆ. ದೊಡ್ಡ ಮನೆಯನ್ನು ಫ್ಲ್ಯಾಟ್‌ಗಳಾಗಿ ಒಡೆದಾಗ, ಅಟ್ಟವನ್ನು ಮಲಗುವ ಕೋಣೆ ಮಾಡಿಕೊಂಡಾಗ ಇಂಥ ಬಾಗಿಲು ಬೇಕಾಗುತ್ತದೆ. ಹಾಕಿಸುವ ದಿನ ಎಲ್ಲ ಸರಿಯಾಗೇ ಇರುತ್ತದೆ. ಆಮೇಲೆ ಮನೆ ತುಸು ಕೂರುತ್ತದೆ, ಮರ ಉಬ್ಬುತ್ತದೆ, ಪೇಂಟರ್ ಬಂದು ಹೋಗುತ್ತಾನೆ.

ಬಾಗಿಲು ಸರಿಯಿಲ್ಲ ಅಂದ ತಕ್ಷಣ ಎಲ್ಲರೂ ಕದವನ್ನು ನೋಡುತ್ತಾರೆ. ಕದದಲ್ಲಿ ದೋಷ ಇರುವುದು ಕಡಿಮೆ. ದೋಷ ಇರುವುದು ಅದರ ಸುತ್ತಲಿನ ಅಂಚಿನಲ್ಲಿ: ಸಂದು, ಸೀಲ್, ಹಿಂಜ್, ಲ್ಯಾಚ್ (ಮುಚ್ಚಿದ ಕದವನ್ನು ಹಿಡಿಯುವ ಚಿಲಕ), ಕ್ಲೋಸರ್ (ಕದವನ್ನು ತಾನಾಗಿ ಮುಚ್ಚಿಸುವ ಸಾಧನ). ಆದ್ದರಿಂದ ಹುಡುಕಾಟ ಅಲ್ಲಿಂದಲೇ ಶುರುವಾಗಲಿ.

ಬೇಕಾದ ಸಾಮಾನು: ಒಂದು ಟಾರ್ಚ್, ಒಂದು ಸ್ಕ್ರೂಡ್ರೈವರ್, ಅವಧಿ ಮುಗಿದ ಕೆಲವು ಬ್ಯಾಂಕ್ ಕಾರ್ಡ್. ಒಂದು ಕಾರ್ಡ್ 0.76 ಮಿ.ಮೀ. ದಪ್ಪ. ನಾಲ್ಕು ಸೇರಿಸಿ ಹಿಡಿದರೆ 3 ಮಿ.ಮೀ. ಇದಕ್ಕಿಂತ ಅಗ್ಗದ ಅಳತೆಗೋಲು ಸಿಗುವುದಿಲ್ಲ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಗಟ್ಟಿ ಕದ 40 ಕೆ.ಜಿ. ಆಸುಪಾಸು ತೂಗುತ್ತದೆ. ಒಬ್ಬರೇ ಹಿಂಜ್ ಬಿಚ್ಚಿ ಇಳಿಸಲು ಹೋಗಬೇಡಿ.

ಇದು ಫೈರ್ ಡೋರ್ ಹೌದೋ ಅಲ್ಲವೋ ಗೊತ್ತಾಗುತ್ತಿಲ್ಲ

ಹಳೆ ಮನೆ ಕೊಂಡವರ ಮೊದಲ ಗೊಂದಲ ಇದೇ. ಸ್ಟೂಲ್ ಹತ್ತಿ ಕದದ ಮೇಲಂಚು ನೋಡಿ. ತಯಾರಕರ ಲೇಬಲ್ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಇಲ್ಲದಿದ್ದರೆ ಹಿಂಜ್ ಇರುವ ಬದಿಯ ಅಂಚಿನಲ್ಲಿ ಬಣ್ಣದ ಸಣ್ಣ ಪ್ಲಾಸ್ಟಿಕ್ ಬಿರಡೆ ಇದೆಯೇ ನೋಡಿ. ಅದೂ ಒಂದು ಪ್ರಮಾಣಪತ್ರದ ಗುರುತು.

ಲೇಬಲ್‌ನಲ್ಲಿ ಎಫ್‌ಡಿ30 ಎಂದಿದ್ದರೆ ಪರೀಕ್ಷೆಯ ಕುಲುಮೆಯಲ್ಲಿ 30 ನಿಮಿಷ ಬೆಂಕಿ ತಡೆದ ವಿನ್ಯಾಸ ಎಂದರ್ಥ. ಎಫ್‌ಡಿ60 ಎಂದರೆ 60 ನಿಮಿಷ. ಕೊನೆಗೆ ಎಸ್ ಇದ್ದರೆ ಹೊಗೆಯನ್ನೂ ತಡೆಯಬೇಕು. ಎಫ್‌ಡಿ30 ಕದ ಸಾಮಾನ್ಯವಾಗಿ 44 ಮಿ.ಮೀ. ದಪ್ಪ, ಎಫ್‌ಡಿ60 ಆದರೆ 54.

ಲೇಬಲ್ ಇಲ್ಲ, ಬಿರಡೆಯೂ ಇಲ್ಲ ಅಂದರೆ? ದಪ್ಪ ಅಳೆಯಿರಿ. 35 ಮಿ.ಮೀ. ಬಂದರೆ ಅದು ಮಾಮೂಲಿ ಬಾಗಿಲು, ಅಷ್ಟೇ. 44 ಬಂದರೂ ಖುಷಿಪಡುವಂತಿಲ್ಲ. ಹಳೆಯ ಒಳ್ಳೆ ಬಾಗಿಲುಗಳೂ ಅಷ್ಟು ದಪ್ಪ ಇರುತ್ತಿದ್ದವು. ಕಾಗದಪತ್ರ ಇಲ್ಲದ ಬಾಗಿಲನ್ನು ಸುಮ್ನೆ ತಟ್ಟಿ ನೋಡಿ, ಸದ್ದು ಕೇಳಿ ಪಾಸು ಮಾಡಬೇಡಿ. ಫೈರ್ ಡೋರ್ ತಪಾಸಣೆ ಬಲ್ಲವರನ್ನು ಒಮ್ಮೆ ಕರೆಸಿ.

ಬಾಗಿಲು ಪೂರ್ತಿ ಮುಚ್ಚುವುದಿಲ್ಲ

ಬಹಳ ಕಡೆ ಕಾಣುವ ದೋಷ ಇದು, ಎಲ್ಲಕ್ಕಿಂತ ಕೆಟ್ಟದ್ದೂ ಇದೇ. ತೆರೆದಿರುವ ಫೈರ್ ಡೋರ್ ಎಷ್ಟು ದಪ್ಪ ಇದ್ದರೇನು ಬಂತು, ಅಲ್ವಾ?

ಎರಡು ಬಾರಿ ಪರೀಕ್ಷಿಸಿ. ಮೊದಲು ಪೂರ್ತಿ ತೆರೆದು ಕೈ ಬಿಡಿ. ಆಮೇಲೆ ಒಂದು ಗೇಣು ಮಾತ್ರ ತೆರೆದು ಬಿಡಿ. ಎರಡನೆಯದೇ ಕಷ್ಟದ ಪರೀಕ್ಷೆ. ಕದಕ್ಕೆ ಓಟದ ವೇಗ ಸಿಕ್ಕಿರುವುದಿಲ್ಲ, ಕ್ಲೋಸರ್ ತನ್ನ ಬಲದಲ್ಲೇ ಅದನ್ನು ಲ್ಯಾಚ್‌ನೊಳಗೆ ತಳ್ಳಬೇಕು. ಎರಡೂ ಸಲ ಟಕ್ ಎಂದು ಲ್ಯಾಚ್ ಬೀಳಬೇಕು.

ಬೀಳದಿದ್ದರೆ ಖರ್ಚಿಲ್ಲದ ಕಾರಣಗಳನ್ನು ಮೊದಲು ನೋಡಿ. ಕೆಳಗೆ ಕಾರ್ಪೆಟ್ ಅಡ್ಡ ಬರುತ್ತಿದೆಯೇ? ಯಾರೋ ಸಿಕ್ಕಿಸಿದ ಬೆಣೆ ಇದೆಯೇ? ಬಾಗಿಲ ಹಿಂದೆ ಕೋಟು ನೇತುಹಾಕಿ ಅದರ ತೋಳು ಸಂದಿಗೆ ಸಿಗುತ್ತಿದೆಯೇ? ಲ್ಯಾಚ್‌ನ ನಾಲಿಗೆ ಪೇಂಟ್ ಮೆತ್ತಿ ಬಿಗಿದುಕೊಂಡಿದೆಯೇ?

ಇವೆಲ್ಲ ಸರಿ ಇದ್ದರೆ ಹಿಡಿ ತಿರುಗಿಸಿ, ಲ್ಯಾಚ್ ಒಳಗೆಳೆದುಕೊಂಡಂತೆ ಹಿಡಿದು, ಬಾಗಿಲು ಮುಚ್ಚಲು ಬಿಡಿ. ಈಗ ನೀಟಾಗಿ ಮುಚ್ಚಿತು ಅಂದರೆ ಕ್ಲೋಸರ್ ತಪ್ಪಿಲ್ಲ, ಲ್ಯಾಚ್ ಮತ್ತು ಸ್ಟ್ರೈಕ್ ಪ್ಲೇಟ್ (ಚೌಕಟ್ಟಿನಲ್ಲಿ ಲ್ಯಾಚ್ ಕೂರುವ ಲೋಹದ ತಗಡು) ಒಂದಕ್ಕೊಂದು ಕೂಡುತ್ತಿಲ್ಲ. ನಾಲಿಗೆಗೆ ಸ್ವಲ್ಪ ಪೆನ್ಸಿಲ್ ಸೀಸ ಬಳಿದು ಒಮ್ಮೆ ಮುಚ್ಚಿ ನೋಡಿ. ಎಲ್ಲಿ ತಾಗುತ್ತಿದೆ ಎಂದು ಪ್ಲೇಟ್ ಮೇಲೆ ಗುರುತು ಬೀಳುತ್ತದೆ. ಒಂದೆರಡು ಮಿ.ಮೀ. ಆದರೆ ಪ್ಲೇಟನ್ನೇ ಸರಿಸಿ. ಚೌಕಟ್ಟನ್ನು ದೊಡ್ಡದಾಗಿ ಕೊರೆಯಬೇಡಿ. ಆ ತೂತು ಬೆಂಕಿಗೆ ದಾರಿ.

ಆಗಲೂ ಮುಚ್ಚಲಿಲ್ಲವೇ? ಕ್ಲೋಸರ್‌ನ ತೋಳು ಬಿಚ್ಚಿ, ಕದವನ್ನು ಕೈಯಲ್ಲೇ ಆಡಿಸಿ. ನಡುವೆ ಎಲ್ಲಾದರೂ ಬಿಗಿ ಅನ್ನಿಸಿದರೆ, ಅಥವಾ ತಾನಾಗಿ ಒಂದು ಕಡೆಗೆ ವಾಲಿದರೆ ಹಿಂಜ್ ಇಲ್ಲವೇ ಚೌಕಟ್ಟಿನ ದೋಷ. ಹಗುರವಾಗಿ ಆಡಿದರೆ ಕ್ಲೋಸರ್ ಬಲ ಸಾಲದು. ತೋಳು ಬಿಚ್ಚುವಾಗ ಮುಖ ದೂರ ಇರಲಿ. ಒಳಗಿನ ಸ್ಪ್ರಿಂಗ್ ಬಿಗಿಯಾಗಿದ್ದರೆ ತೋಳು ಚಿಮ್ಮುತ್ತದೆ.

ಕ್ಲೋಸರ್‌ನಲ್ಲಿ ಸಾಮಾನ್ಯವಾಗಿ ಎರಡು ವಾಲ್ವ್ ಸ್ಕ್ರೂ ಇರುತ್ತವೆ. ಒಂದು ಮುಚ್ಚುವ ವೇಗಕ್ಕೆ, ಇನ್ನೊಂದು ಕೊನೆಯ ಕೆಲವು ಡಿಗ್ರಿಯ ತಳ್ಳಾಟಕ್ಕೆ. ಕಾಲು ಸುತ್ತು ತಿರುಗಿಸಿ, ಪರೀಕ್ಷಿಸಿ, ಮತ್ತೆ ಕಾಲು ಸುತ್ತು. ಸ್ಕ್ರೂ ಪೂರ್ತಿ ಹೊರಬಂದರೆ ಎಣ್ಣೆ ಚಿಮ್ಮಿ ಕ್ಲೋಸರ್ ಅಲ್ಲಿಗೇ ಮುಗಿಯಿತು. ಕೆಳಗಿನ ಭಾಗ ಎಣ್ಣೆಯಿಂದ ಜಿಡ್ಡಾಗಿದ್ದರೆ, ಕದದ ಮೇಲೆ ಎಣ್ಣೆ ಗೆರೆ ಇಳಿದಿದ್ದರೆ ಸರಿಪಡಿಸುವ ಮಾತೇ ಇಲ್ಲ, ಬದಲಿಸಿ. ಹೊಸದು ಯುರೋಪಿನ ಇಎನ್ 1154 ಮಾನದಂಡದ್ದಾಗಿರಲಿ, ಬಲ ಕನಿಷ್ಠ 3ನೇ ಸೈಜ್ ಇರಲಿ.

ಹಳೆ ಶೈಲಿ ಇಷ್ಟಪಡುವವರಿಗೆ ಮೇಲೆ ಕಾಣುವ ಕ್ಲೋಸರ್ ಪೆಟ್ಟಿಗೆ ಕಂಡರೆ ಆಗುವುದಿಲ್ಲ. ಅದಕ್ಕೇ ಕದದ ಅಂಚಿನೊಳಗೆ ಅಡಗುವ ಸಣ್ಣ ಚೈನ್ ಕ್ಲೋಸರ್ ಹಾಕಿಸುತ್ತಾರೆ, ಅಥವಾ ತೆರೆದಾಗ ಕದವನ್ನು ಎತ್ತಿ ತೂಕದಲ್ಲೇ ಇಳಿಸುವ ಹಳೆಯ ಏರು ಹಿಂಜ್‌ಗಳನ್ನೇ ನಂಬುತ್ತಾರೆ. ಭಾರದ ಕದಕ್ಕೆ, ಜೊತೆಗೆ ಹೊಗೆ ಸೀಲಿನ ಘರ್ಷಣೆಗೆ, ಇವು ಸಾಲುವುದಿಲ್ಲ. ಅಡಗಿಸಲೇಬೇಕು ಅಂದರೆ ಇಎನ್ 1154ಕ್ಕೆ ಪರೀಕ್ಷೆಯಾದ, ಆ ಕದದ ಪ್ರಮಾಣಪತ್ರ ಒಪ್ಪುವ ಒಳಗೂಡಿಸಿದ ಕ್ಲೋಸರ್ ಕೇಳಿ. ದುಬಾರಿ, ಆದರೆ ಕೆಲಸ ಮಾಡುತ್ತದೆ.

ಬಾಗಿಲು ದಿನವಿಡೀ ತೆರೆದೇ ಇರಬೇಕಾದ ಜಾಗವಾದರೆ ಬೆಣೆ ಬೇಡ. ಅಲಾರಂ ಕೂಗಿದಾಗ ತಾನಾಗಿ ಬಿಡುವ ವಿದ್ಯುತ್ ಅಯಸ್ಕಾಂತದ ಹಿಡಿಕೆ ಹಾಕಿಸಿ.

2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಬೆಂಕಿಯಲ್ಲಿ 72 ಜನ ತೀರಿಕೊಂಡರು. ಅದರ ವಿಚಾರಣೆಯ 2019ರ ವರದಿ ಬಾಗಿಲು ತಾನಾಗಿ ಮುಚ್ಚುವ ಸಾಧನಗಳನ್ನು ಮೂರು ತಿಂಗಳಿಗೊಮ್ಮೆಯಾದರೂ ಪರೀಕ್ಷಿಸಬೇಕು ಎಂದಿತು. 2023ರ ಜನವರಿ 23ರಿಂದ ಇಂಗ್ಲೆಂಡಿನಲ್ಲಿ 11 ಮೀಟರ್‌ಗಿಂತ ಎತ್ತರದ ವಸತಿ ಕಟ್ಟಡಗಳಿಗೆ ಇದು ನಿಯಮ: ಎಲ್ಲರೂ ಓಡಾಡುವ ಜಾಗದ ಬಾಗಿಲುಗಳಿಗೆ ಮೂರು ತಿಂಗಳಿಗೊಮ್ಮೆ, ಫ್ಲ್ಯಾಟ್‌ಗಳ ಮುಂಬಾಗಿಲಿಗೆ ವರ್ಷಕ್ಕೊಮ್ಮೆ ತಪಾಸಣೆ. ನಿಮ್ಮ ಮನೆ ಅಷ್ಟು ಎತ್ತರ ಇಲ್ಲದಿದ್ದರೂ ಗೇಣಳತೆಯ ಪರೀಕ್ಷೆಗೆ ಅರ್ಧ ನಿಮಿಷ ಸಾಕು.

ಮುಚ್ಚುವಾಗ ಢಬ್ ಎಂದು ಬಡಿಯುತ್ತದೆ

ವೇಗದ ವಾಲ್ವ್ ಸಡಿಲ ಆಗಿದೆ, ಇಲ್ಲವೇ ಒಳಗಿನ ಎಣ್ಣೆ ಹೋಗಿದೆ. ವಾಲ್ವ್ ಬಿಗಿ ಮಾಡಿದರೂ ವೇಗ ತಗ್ಗದಿದ್ದರೆ ಎಣ್ಣೆಯೇ ಇಲ್ಲ ಎಂದರ್ಥ. ಇದನ್ನು ಸದ್ದಿನ ಕಾಟ ಅಂತ ಮಾತ್ರ ನೋಡಬೇಡಿ. ದಿನಾ ಬಡಿದ ಬಾಗಿಲಿನ ಹಿಂಜ್ ಸ್ಕ್ರೂ ಸಡಿಲವಾಗುತ್ತದೆ, ಗಾಜನ್ನು ಹಿಡಿದಿರುವ ಸಣ್ಣ ಪಟ್ಟಿ (ಬೀಡಿಂಗ್) ಬಿಡುತ್ತದೆ, ಚೌಕಟ್ಟು ಗೋಡೆಯಿಂದ ಕದಲುತ್ತದೆ.

ಮುಚ್ಚಿದ ಬಾಗಿಲ ಅಂಚಿನಲ್ಲಿ ಬೆಳಕು ಕಾಣುತ್ತದೆ

ರಾತ್ರಿ ದೀಪ ಆರಿಸಿ, ಆಚೆ ಬದಿಯಲ್ಲಿ ಯಾರಾದರೂ ಟಾರ್ಚ್ ಹಿಡಿದು ಅಂಚಿನುದ್ದಕ್ಕೂ ಸರಿಸಲಿ. ಬೆಳಕು ಬಂದ ಜಾಗಕ್ಕೆಲ್ಲ ಪೆನ್ಸಿಲ್ ಗುರುತು ಹಾಕಿ.

ಈಗ ಕಾರ್ಡ್ ತೆಗೆಯಿರಿ. ಮೇಲೆ ಮತ್ತು ಎರಡೂ ಬದಿಗೆ ಸಂದು 3 ಮಿ.ಮೀ. ಇರಬೇಕು, 2ರಿಂದ 4ರವರೆಗೆ ನಡೆಯುತ್ತದೆ. ನಾಲ್ಕು ಕಾರ್ಡ್ ಹಿತವಾಗಿ ಹೋದರೆ ಸರಿ. ಆರು ಕಾರ್ಡ್ ಸಲೀಸಾಗಿ ಜಾರಿದರೆ ನಾಲ್ಕೂವರೆ ಮಿ.ಮೀ. ದಾಟಿದೆ. ಎರಡು ಕಾರ್ಡ್ ಕೂಡ ಹೋಗದಿದ್ದರೆ ತೀರಾ ಬಿಗಿ, ಮಳೆ ಚಳಿಗೆ ಮರ ಉಬ್ಬಿದಾಗ ಸಿಕ್ಕಿಕೊಳ್ಳುತ್ತದೆ. ಹೊಸ್ತಿಲ ಬಳಿ ಲೆಕ್ಕ ಬೇರೆ. ಹೊಗೆ ತಡೆಯಬೇಕಾದ ಬಾಗಿಲಾದರೆ ಅಲ್ಲೂ 3 ಮಿ.ಮೀ., ಇಲ್ಲವೇ ಮುಚ್ಚಿದಾಗ ಕೆಳಗಿಳಿಯುವ ಸೀಲ್ ಬೇಕು. ಹಳೆಯ ಮನೆಯ ನೆಲ ಓರೆಯಾಗಿರುವುದರಿಂದ ಕೊನೆಗೆ ಈ ಇಳಿಯುವ ಸೀಲೇ ಗತಿ.

ಸಂದು ಯಾವ ಆಕಾರದಲ್ಲಿದೆ ಅನ್ನುವುದು ಮುಖ್ಯ. ಲ್ಯಾಚ್ ಬದಿಯಲ್ಲಿ ಮೇಲೆ ಕಿರಿದು, ಕೆಳಗೆ ಅಗಲವಾಗಿದ್ದರೆ ಮೇಲಿನ ಹಿಂಜ್ ಇಳಿದಿದೆ. ಸ್ಕ್ರೂ ಬಿಗಿ ಮಾಡಿ ನೋಡಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಸಂದು ಸಮ ಇದ್ದು, ಒಂದು ಮೂಲೆ ಮಾತ್ರ ಚೌಕಟ್ಟಿನ ತಡೆಪಟ್ಟಿಗೆ ತಾಗದೆ ಮುಂದಕ್ಕೆ ಬಂದಿದ್ದರೆ ಕದ ತಿರುಚಿದೆ. ಮೂಲೆಯಿಂದ ಮೂಲೆಗೆ ದಾರ ಬಿಗಿದು ಹಿಡಿದರೆ ತಿರುಚು ಕಾಣುತ್ತದೆ. ತಿರುಚಿದ ಕದವನ್ನು ನೆಟ್ಟಗೆ ಮಾಡಲು ಬರುವುದಿಲ್ಲ. ಎಲ್ಲ ಕಡೆ ಸಮನಾಗಿ ಅಗಲ ಇದ್ದರೆ, ಹಾಕುವಾಗಲೇ ಕದವನ್ನು ಜಾಸ್ತಿ ಕತ್ತರಿಸಿದ್ದಾರೆ.

ಅಗಲ ಸಂದಿಗೆ ಅಂಗಡಿಯ ಸ್ಪಂಜ್ ಪಟ್ಟಿ ಅಂಟಿಸುವವರು ಬಹಳ. ಅದು ಗಾಳಿ ತಡೆಯುತ್ತದೆ, ಬೆಂಕಿಗೆ ಕರಗಿ ಹೋಗುತ್ತದೆ. ಸರಿಯಾದ ದಾರಿ, ಕದದ ತಯಾರಕರ ಸೂಚನೆಯಂತೆ ಗಟ್ಟಿಮರದ ಅಂಚುಪಟ್ಟಿ ಕೂಡಿಸುವುದು, ಅಥವಾ ಅಷ್ಟು ಅಗಲಕ್ಕೆ ಪರೀಕ್ಷೆಯಾದ ಸೀಲ್ ಹಾಕುವುದು. ಎರಡೂ ಬಲ್ಲವರ ಕೆಲಸ.

ಬಾಗಿಲು ಮುಚ್ಚಿದ್ದರೂ ಪಕ್ಕದ ಅಡುಗೆಯ ವಾಸನೆ ಬರುತ್ತದೆ

ಸಂದುಗಳೆಲ್ಲ ಸರಿ ಇದ್ದೂ ವಾಸನೆ ಬಂದರೆ ಚೌಕಟ್ಟಿನ ಹಿಂದೆ ನೋಡಬೇಕು. ಹಳೆಯ ಸುಣ್ಣದ ಗಾರೆಯ ಗೋಡೆ ನೆಟ್ಟಗಿರುವುದಿಲ್ಲ. ಹೊಸ ಚೌಕಟ್ಟಿಗೂ ಗೋಡೆಗೂ ನಡುವೆ ಎರಡು ಬೆರಳು ತೂರುವಷ್ಟು ಜಾಗ ಉಳಿದು, ಮೇಲೆ ಚೆಂದದ ಅಲಂಕಾರ ಪಟ್ಟಿ ಹೊಡೆದು ಮುಚ್ಚಿರುತ್ತಾರೆ. ಪಟ್ಟಿಯನ್ನು ಬೆರಳಿನಿಂದ ತಟ್ಟಿ, ಪೊಳ್ಳು ಸದ್ದು ಬರುವ ಕಡೆ ನಿಧಾನಕ್ಕೆ ಎಬ್ಬಿಸಿ ನೋಡಿ. ಒಳಗೆ ಏನೂ ಇಲ್ಲದಿರಬಹುದು, ಹಳೆ ಪೇಪರ್ ತುರುಕಿರಬಹುದು, ಸ್ಪ್ರೇ ಫೋಮ್ ಇರಬಹುದು. ಫೋಮ್ ಗುಲಾಬಿ ಬಣ್ಣ ಇದ್ದರೆ ಬೆಂಕಿ ತಡೆಯುತ್ತದೆ ಅನ್ನುವ ನಂಬಿಕೆ ಕೆಲಸಗಾರರಲ್ಲಿ ಇದೆ. ಬಣ್ಣ ಪುರಾವೆ ಅಲ್ಲ. ಅಂಥ ಫೋಮ್ ಇಂತಿಷ್ಟೇ ಅಗಲದ, ಇಂತಿಷ್ಟೇ ಆಳದ ಸಂದಿಗೆ ಎಂದು ಪರೀಕ್ಷೆಯಾಗಿರುತ್ತದೆ. ದೊಡ್ಡ ಸಂದಿಗೆ ಖನಿಜ ಉಣ್ಣೆ ಬಿಗಿಯಾಗಿ ತುಂಬಿ, ಎರಡೂ ಬದಿಗೆ ಬೆಂಕಿ ನಿರೋಧಕ ಸೀಲೆಂಟ್ ಎಳೆಸುವುದು ಒಳ್ಳೆಯದು.

ಬಾಗಿಲು ಉಜ್ಜುತ್ತದೆ

ಹಿಂಜ್ ಸ್ಕ್ರೂ ನೋಡಿ. ಆಮೇಲೆ ಪೇಂಟ್ ನೋಡಿ. ಹಳೆ ಮನೆಯಲ್ಲಿ ಅಂಚಿನ ಮೇಲೆ ಪದರದ ಮೇಲೆ ಪದರ ಪೇಂಟ್ ಕೂತಿರುತ್ತದೆ, ಅದೇ ಒಂದು ಮಿ.ಮೀ. ತಿನ್ನುತ್ತದೆ. ಕೆರೆದು ತೆಗೆದರೆ ಸಾಕಾಗಬಹುದು, ಆದರೆ ಹಳೆ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಪರೀಕ್ಷಾ ಕಿಟ್‌ನಿಂದ ನೋಡದೆ ಒಣ ಮರಳು ಕಾಗದ ಉಜ್ಜಬೇಡಿ. ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ.

ಕೊನೆಯ ದಾರಿ ಕೀಸುಳಿ. ಎಷ್ಟು ಕೀಸಬಹುದು ಎಂದು ತಯಾರಕರು ಬರೆದಿರುತ್ತಾರೆ, ಎಷ್ಟೋ ಕದಗಳಿಗೆ ಬದಿಗೆ 3 ಮಿ.ಮೀ. ಮಾತ್ರ. ಅದನ್ನು ಮೀರಿದರೆ ಗಟ್ಟಿಮರದ ಅಂಚು ಹೋಗಿ ಒಳತಿರುಳು ಬಯಲಾಗುತ್ತದೆ, ಪ್ರಮಾಣಪತ್ರವೂ ಹೋಗುತ್ತದೆ.

ಸೀಲ್ ಗಟ್ಟಿಯಾಗಿದೆ, ಕಿತ್ತಿದೆ, ಅಥವಾ ಕಾಣುವುದೇ ಇಲ್ಲ

ಅಂಚಿನಲ್ಲಿ ಕೊರೆದ ತೋಡಿನಲ್ಲಿ ಕೂತ ಸೀಲ್ ಪಟ್ಟಿಗೆ ಎರಡು ಕೆಲಸಗಳಿವೆ. ಗಟ್ಟಿ ಭಾಗ ಇಂಟ್ಯೂಮೆಸೆಂಟ್, ಅಂದರೆ ಬಿಸಿಗೆ ಉಬ್ಬುವ ವಸ್ತು. ಗ್ರಾಫೈಟ್ ಇರುವಂಥದ್ದು 200 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಉಬ್ಬಿ ಸಂದನ್ನು ತುಂಬುತ್ತದೆ. ಆದರೆ ಹೊಗೆ ಅಷ್ಟು ಬಿಸಿಯಾಗುವ ಮೊದಲೇ ಸಂದಿಯಲ್ಲಿ ನುಸುಳುತ್ತದೆ. ಅದನ್ನು ತಡೆಯುವುದು ಬ್ರಷ್ ಅಥವಾ ರಬ್ಬರ್ ರೆಕ್ಕೆ.

ಬ್ರಷ್ ಮೇಲೆ ಬೆರಳಾಡಿಸಿ. ಮೆತ್ತಗೆ ಬಗ್ಗಬೇಕು. ಕೊರೆಕೊರೆ ಅಂದರೆ ಪೇಂಟ್ ಕುಡಿದಿದೆ, ಬದಲಿಸಿ. ಒಂದು ತುಂಡು ಕಾಗದ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ. ಎಲ್ಲ ಕಡೆ ಸ್ವಲ್ಪವಾದರೂ ಹಿಡಿತ ಸಿಗಬೇಕು. ಬದಲಿಸುವಾಗ ಅದೇ ಅಗಲ, ಅದೇ ದಪ್ಪದ ಪಟ್ಟಿ ತನ್ನಿ. 15 ಮಿ.ಮೀ. ತೋಡಿಗೆ 10ರ ಪಟ್ಟಿ ಅಂಟಿಸಿದರೆ ಉಬ್ಬುವ ವಸ್ತುವೇ ಕಡಿಮೆ ಆಯಿತು. ಇದು ನೀವೇ ಮಾಡಬಹುದಾದ ಕೆಲಸ.

ಹಿಂಜ್ ಸುತ್ತ ಕಪ್ಪು ಪುಡಿ

ಲೋಹ ಲೋಹಕ್ಕೆ ಉಜ್ಜಿ ಸವೆಯುತ್ತಿದೆ. ಎಣ್ಣೆ ಬಿಟ್ಟು ಸುಮ್ಮನಾಗಬೇಡಿ, ಹಿಂಜ್ ಬದಲಿಸುವ ಸಮಯ ಬಂದಿದೆ. ಫೈರ್ ಡೋರ್‌ಗೆ ಸಾಮಾನ್ಯವಾಗಿ ಮೂರು ಹಿಂಜ್ ಬೇಕು. ಹಳೆ ಚೌಕಟ್ಟಿನಲ್ಲಿ ಎರಡೇ ಇದ್ದರೆ ಅದೂ ದೋಷವೇ.

ಶೈಲಿಗೆ ಹೊಂದುವ ಹಿಂಜ್ ಹುಡುಕುವಾಗ ಲೋಹ ಯಾವುದು ಎಂದು ಕೇಳಿ. ಪರೀಕ್ಷಾ ಕುಲುಮೆ 30 ನಿಮಿಷಕ್ಕೆ ಸುಮಾರು 840 ಡಿಗ್ರಿ ಮುಟ್ಟುತ್ತದೆ. ಹಿತ್ತಾಳೆ 900 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ಉಕ್ಕು ಇನ್ನೂ ಮೇಲೆ. ಅಲ್ಯೂಮಿನಿಯಂ 660ಕ್ಕೇ ಕರಗುತ್ತದೆ. ಹಿತ್ತಾಳೆಯಂತೆ ಕಾಣುವ ಸತುವಿನ ಎರಕ ಅದಕ್ಕೂ ಬಹಳ ಮೊದಲೇ. ಸ್ಕ್ರೂ ತೂತು ಸಡಿಲವಾಗಿದ್ದರೆ ಬೆಂಕಿಕಡ್ಡಿ ತುರುಕಬೇಡಿ, ಗಟ್ಟಿಮರದ ಗೂಟ ಅಂಟು ಹಾಕಿ ಬಡಿದು ಹೊಸದಾಗಿ ಕೊರೆಯಿರಿ.

ಗಾಜು ಕಟಕಟ ಅನ್ನುತ್ತದೆ

ಬೀಡಿಂಗ್ ಸಡಿಲ. ಆದರೆ ಮೊಳೆ ಹೊಡೆಯುವ ಮೊದಲು ಗಾಜಿನ ಮೂಲೆಯಲ್ಲಿ ಕೊರೆದ ಗುರುತು ಇದೆಯೇ ನೋಡಿ. ಬೆಂಕಿ ನಿರೋಧಕ ಗಾಜಿನಲ್ಲಿ ಅದು ಇರುತ್ತದೆ. ಒಡೆದ ಗಾಜಿನ ಜಾಗಕ್ಕೆ ಟಫನ್ಡ್ ಗಾಜು ಹಾಕಿಸಿ ನಿಶ್ಚಿಂತೆಯಿಂದ ಇರುವವರಿದ್ದಾರೆ. ಅದು ಏಟಿಗೆ ಗಟ್ಟಿ, ಬೆಂಕಿಗೆ ಅಲ್ಲ. ಬಣ್ಣದ ಗಾಜಿನ ತುಣುಕು ಜೋಡಿಸಿದ ಕಿಟಕಿಯಾದರೆ ತುಣುಕು ಹಿಡಿದಿರುವ ಸೀಸ 327 ಡಿಗ್ರಿಗೇ ಕರಗಿ ಎಲ್ಲ ಉದುರುತ್ತದೆ. ಹಿಂದೆ ಬೆಂಕಿ ನಿರೋಧಕ ಗಾಜು ಕೂಡಿಸಿ ಅದನ್ನು ಉಳಿಸಿಕೊಳ್ಳಬಹುದು. ಗಾಜಿನ ಅಂಚಿನ ಒಳಪಟ್ಟಿ, ಬೀಡಿಂಗ್, ಮೊಳೆಯ ಕೋನ ಎಲ್ಲವೂ ಪರೀಕ್ಷೆಯ ಭಾಗ, ಹಾಗಾಗಿ ಗಾಜಿನ ಕೆಲಸ ನೀವು ಮಾಡಬೇಡಿ.

ಮೂಲ ಬಾಗಿಲಿನ ಪ್ಯಾನೆಲ್ ಸೀಳಿದೆ

ಇಲ್ಲಿ ನಿಜಕ್ಕೂ ಮರದ ಪ್ರಶ್ನೆ. ಮೆತ್ತನೆ ಮರ ಬೆಂಕಿಯಲ್ಲಿ ನಿಮಿಷಕ್ಕೆ 0.65ರಿಂದ 0.8 ಮಿ.ಮೀ. ಇದ್ದಿಲಾಗುತ್ತಾ ಹೋಗುತ್ತದೆ. 44 ಮಿ.ಮೀ. ದಪ್ಪದ ಅಂಥ ಮರ 30 ನಿಮಿಷದಲ್ಲಿ 20ರಿಂದ 24 ಮಿ.ಮೀ. ಕಳೆದುಕೊಂಡರೂ ಉಳಿದದ್ದು ನಿಲ್ಲುತ್ತದೆ. ವಿಕ್ಟೋರಿಯನ್ ಬಾಗಿಲಿನ ಪ್ಯಾನೆಲ್ ಅಂಚಿನಲ್ಲಿ 6-7 ಮಿ.ಮೀ. ಇರುತ್ತದೆ. ಲೆಕ್ಕ ಹಾಕಿ, ಹತ್ತು ನಿಮಿಷಕ್ಕೆ ತೂತು. ಸೀಳು ಬಿಟ್ಟಿದ್ದರೆ ಅಷ್ಟೂ ಇಲ್ಲ. ಸೀಳಿಗೆ ಮರದ ಪುಟ್ಟಿ ಮೆತ್ತಿದರೆ ಕಣ್ಣಿಗೆ ಸರಿಯಾಗುತ್ತದೆ ಅಷ್ಟೇ.

ಉಬ್ಬುವ ಪೇಂಟ್ ಬಳಿದರೆ ಆಯಿತು ಎಂದು ಹೇಳುವವರಿದ್ದಾರೆ. ಪೇಂಟ್ ಪ್ಯಾನೆಲ್‌ಗೆ ಸಹಾಯ ಮಾಡಬಹುದು, ಆದರೆ ಅಂಥದೇ ದಪ್ಪದ ಬಾಗಿಲಿನ ಮೇಲೆ ಪರೀಕ್ಷೆಯಾದ ದಾಖಲೆ ಬೇಕು. ಸೀಲ್, ಹಿಂಜ್, ಕ್ಲೋಸರ್ ಬೇರೆ ಸರಿ ಇರಬೇಕು. ಪ್ಯಾನೆಲ್ ಮೇಲೆ ಉಬ್ಬುವ ತೆಳು ಹಾಳೆ ಅಂಟಿಸುವುದು, ಒಂದು ಬದಿಗೆ ಹಲಗೆ ಹೊದಿಸುವುದು ಇತರ ದಾರಿಗಳು. ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಇದಕ್ಕೆಲ್ಲ ಮೊದಲೇ ಅನುಮತಿ ಬೇಕು. ಇಂಗ್ಲೆಂಡಿನಲ್ಲಿ ಅನುಮತಿ ಇಲ್ಲದೆ ಅಂಥ ಕಟ್ಟಡದ ಸ್ವರೂಪ ಬದಲಿಸುವುದು ಅಪರಾಧ.

ಪ್ಯಾನೆಲ್ ಬಾಗಿಲಿನ ಮೇಲೆ ಯಾರೋ ಹಿಂದೆ ಸಪಾಟಾದ ಬೋರ್ಡ್ ಹೊಡೆದಿದ್ದರೆ ಕೈ ಹಚ್ಚಬೇಡಿ, ಒಂದು ತೂತನ್ನೂ ಕೊರೆಯಬೇಡಿ. 20ನೇ ಶತಮಾನದ ನಡುಭಾಗದಲ್ಲಿ ಇದಕ್ಕೆ ಕಲ್ನಾರಿನ (ಆಸ್ಬೆಸ್ಟಾಸ್) ಬೋರ್ಡ್ ಬಳಸುತ್ತಿದ್ದರು. ಬ್ರಿಟನ್ನಿನಲ್ಲಿ ಕಲ್ನಾರು ಪೂರ್ತಿ ನಿಷೇಧವಾದದ್ದು 1999ರಲ್ಲಿ. ಮಾದರಿ ತೆಗೆಯುವುದನ್ನೂ ತರಬೇತಿ ಇದ್ದವರಿಗೇ ಬಿಡಿ.

ಬದಲಿಸಲೇಬೇಕು ಅಂತಾದಾಗ

ನನ್ನನ್ನು ಕೇಳಿದರೆ, ಕದ ಮಾತ್ರ ಕೊಳ್ಳುವ ಬದಲು ಕದ, ಚೌಕಟ್ಟು, ಸೀಲ್ ಎಲ್ಲ ಜೊತೆಯಾಗಿ ಪರೀಕ್ಷೆಯಾದ ಪೂರ್ತಿ ಸೆಟ್ ಕೊಳ್ಳಿ. ಹಳೆಯ ವಕ್ರ ಚೌಕಟ್ಟಿಗೆ ಹೊಸ ನೆಟ್ಟಗಿನ ಕದ ಕೂಡಿಸುವ ಹೊತ್ತಿಗೆ ಬಡಗಿಗೂ ಸಾಕಾಗಿರುತ್ತದೆ, ಸಂದೂ ಕೆಟ್ಟಿರುತ್ತದೆ. ಹಳೆ ಮನೆಯ ಬಾಗಿಲಳತೆ ಇಂದಿನ ಸಿದ್ಧ ಅಳತೆಗೆ ಹೊಂದುವುದು ಅಪರೂಪ. ದೊಡ್ಡ ಕದ ತಂದು ಕತ್ತರಿಸುವುದಕ್ಕಿಂತ ಅಳತೆ ಕೊಟ್ಟು ಮಾಡಿಸಿ. ಪ್ಯಾನೆಲ್‌ನ ಆಳ, ಅಚ್ಚುಪಟ್ಟಿಯ ಗೆರೆ ಹಳೆಯದಕ್ಕೆ ಹೋಲುವಂತೆ ಕೇಳಿ ಮಾಡಿಸಬಹುದು, ಪ್ರಮಾಣಪತ್ರ ಆ ವಿನ್ಯಾಸವನ್ನೂ ಒಳಗೊಂಡಿರಬೇಕು.

ಹಳೆ ಬಾಗಿಲಿನ ಹಿಡಿ, ಬೀಗ ಮರುಬಳಸುವ ಆಸೆ ಎಲ್ಲರಿಗೂ ಇರುತ್ತದೆ. ಕದದ ಮೇಲೆ ಕೂರುವ ಹೊರಬೀಗ ಕದವನ್ನು ಹೆಚ್ಚು ಕೊರೆಯುವುದಿಲ್ಲ, ಅದಕ್ಕೆ ಒಪ್ಪಿಗೆ ಸಿಗುವುದು ಸುಲಭ. ಒಳಗೆ ಕೂರುವ ದೊಡ್ಡ ಬೀಗ ಕದದ ಹೊಟ್ಟೆಯನ್ನೇ ತೋಡುತ್ತದೆ. ಅದರ ಸುತ್ತ ಉಬ್ಬುವ ಹಾಳೆ ಬೇಕು, ಅಳತೆ ಪ್ರಮಾಣಪತ್ರದ ಮಿತಿಯೊಳಗಿರಬೇಕು. ಕಾಗದ ಹಾಕುವ ಕಿಂಡಿ, ಬೆಕ್ಕಿನ ಕಿಂಡಿ ಆಮೇಲೆ ಕೊರೆಸುವ ಯೋಚನೆ ಇದ್ದರೆ ಆರ್ಡರ್ ಕೊಡುವಾಗಲೇ ಹೇಳಿ. ಕಾಗದದ ಕಿಂಡಿಗೆ ಪರೀಕ್ಷೆಯಾದ ಉತ್ಪನ್ನ ಸಿಗುತ್ತದೆ. ಬೆಕ್ಕು ಬೇರೆ ದಾರಿ ನೋಡಿಕೊಳ್ಳಲಿ.